ಒಳ್ಳೆಯ ಮನೆತನದ ಪಾಚಿ

ಪಾಚಿ ಹುಡುಕುವ ಕೆಲಸಕ್ಕೆ ಸೇರಿದವಳು ನಗೆಪಾಟಲನ್ನು ಬೇರೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಪುಣೆಯ ಬಿಬವೇವಾಡಿಯ ಸ್ಟಾಪಿಗೆ ನನಗಿಂತ ಮೊದಲು ಬಂದು ಬಸ್ಸಿಗೆ ಕಾಯುತ್ತಾ ನಿಂತಿರುತ್ತದೆ. ಕಳೆದ ಮಳೆಗಾಲದಿಂದ ಈಚೆಗೆ ಆದದ್ದಷ್ಟನ್ನು ಬರೆಯುತ್ತೇನೆ. ನಗುವುದಾದರೆ ನಗಿ. ನಮ್ಮ ಮನೆಯವರೆಲ್ಲ ನಕ್ಕು ಮುಗಿಸಿದ್ದಾರೆ; ನಾನು ಇನ್ನೂ ಕೆಲಸದಲ್ಲಿದ್ದೇನೆ.

ತಿಕ್ಕುವವರು, ಹುಡುಕುವವರು

ನಮ್ಮ ಅತ್ತೆಗೆ ಈ ಜಗತ್ತಿನಲ್ಲಿ ಪರಮ ವೈರಿ ಅಂದರೆ ಪಾಚಿ. ನಾನು ಎರಡನೆಯ ನಂಬರು. ಧಾರವಾಡ ಬಿಟ್ಟು ಪುಣೆಗೆ ಬಂದು ಅವರ ಕೂದಲು ಬೆಳ್ಳಗಾಗಿದೆ, ಆದರೆ ಬಚ್ಚಲ ತಿಕ್ಕುವ ಬ್ರಷ್ಷು ಮಾತ್ರ ಕೈ ಬಿಟ್ಟಿಲ್ಲ. ಮೂಲೆಯಲ್ಲಿ ಒಂದು ಚೂರು ಹಸಿರು ಕಂಡರೆ ಸಾಕು, ಸೆರಗು ಸಿಕ್ಕಿಸಿ ಕೂತುಬಿಡುತ್ತಾರೆ. "ಪಾಚಿ ಕಟ್ಟಿದ ಮನ್ಯಾಗ ಲಕ್ಷ್ಮಿ ಕಾಲು ಜಾರ್ತಾಳ" ಅನ್ನುವುದು ಅವರ ಮಾತು.

ಇಂಥವರ ಮುಂದೆ ನಿಂತು ನಾನು ನನ್ನ ನೌಕರಿಯ ಸುದ್ದಿ ಹೇಳಬೇಕಿತ್ತು.

"ಲ್ಯಾಬಿನ್ಯಾಗ ಕೆಲಸ ಸಿಕ್ಕದರಿ ಅತ್ಯಾ. ಹತ್ತನೇತ್ತ ಪಾಸಾದವರು ಸಾಕಂತ. ಕಣ್ಣು ಚುರುಕಿರಬೇಕು, ತಾಳ್ಮಿ ಇರಬೇಕು."

"ತಾಳ್ಮಿ?" ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಲಾರಿ ಇಳಿಸಿಕೊಳ್ಳುವ ನಮ್ಮ ಮನೆಯವರು ಊಟದ ತಟ್ಟೆಯಿಂದ ತಲೆ ಎತ್ತಿದರು. "ನಿನಗ? ಅವರು ನಿನ್ನ ನೋಡ್ಯಾರೇನು?"

"ಏನು ಮಾಡೂದಲ್ಲೆ?" ಅಂದರು ಅತ್ತೆ.

"ಪಾಚಿ ಹುಡುಕೂದ್ರಿ. ಕಲ್ಲಾದ ಪಾಚಿ. ಕೋಟಿ ವರ್ಷದ ಹಿಂದಿಂದು."

ಅತ್ತೆ ಕೇಳಿದರು: "ಅಷ್ಟು ವರ್ಷ ಯಾರೂ ತಿಕ್ಕಿಲ್ಲ?"

ಆಮೇಲೆ ಕರಾರು ಆಯಿತು. ಗಂಡನ ಸೋದರಮಾವನ ಮಗನ ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಜಾಗ ನನಗಾಗಿ ಖಾಲಿ ಇಟ್ಟಿದ್ದರು. ಸಂಕ್ರಾಂತಿಯ ತನಕ ಅತ್ತೆ ನನ್ನ ನಾಲ್ಕು ವರ್ಷದ ಮಗಳನ್ನು ನೋಡಿಕೊಳ್ಳುತ್ತಾರೆ. ಅಷ್ಟರೊಳಗೆ ಈ ಪಾಚಿಯ ನೌಕರಿ ಗಟ್ಟಿಯಾದರೆ ಆಯಿತು, ಇಲ್ಲದಿದ್ದರೆ ಲಟ್ಟಣಿಗೆ. ನಾನು ಹೂಂ ಅಂದೆ. ಮದುವೆಯಾದ ಮೇಲೆ ಬೆನ್ನಿಗೆ ಒರಗು ಇದ್ದ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದ್ದು ಇದೇ ಮೊದಲು. ಅದನ್ನು ಬಿಟ್ಟು ಏಳುವ ಮನಸ್ಸು ನನಗಿರಲಿಲ್ಲ.

ರಾತ್ರಿ ಮಲಗುವಾಗ ಅತ್ತೆ ಗೋಡೆಯ ಕಡೆ ತಿರುಗಿ ಅಂದದ್ದು ನನಗೆ ಕೇಳಿಸಿತು: "ಮನ್ಯಾಗಿನ ಪಾಚಿ ಕಣ್ಣಿಗೆ ಬೀಳೂದಿಲ್ಲ, ಕೋಟಿ ವರ್ಷದ್ದು ಬೀಳ್ತದಂತ!"

ಆರಿಸುವ ಕೈ

ಕೆಲಸ ಹೀಗಿದೆ. ಹಳೆಯ ಕಾಲದ ಮಣ್ಣು ಚೀಲಗಳಲ್ಲಿ ಬರುತ್ತದೆ. ನೆನೆಹಾಕಿ, ಒಂದರ ಮೇಲೊಂದು ಇಟ್ಟ ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆಯಬೇಕು. ಉಳಿದ ರವೆಯಂಥದ್ದನ್ನು ಒಣಗಿಸಿ ಕರಿ ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಒದ್ದೆ ಮಾಡಿದ ಬ್ರಷ್ಷಿನ ತುದಿಯಿಂದ ಬೇಕಾದ್ದನ್ನು ಎತ್ತಬೇಕು. ಬೇಕಾದ್ದು ಅಂದರೆ ಗಸಗಸೆಗಿಂತಲೂ ಸಣ್ಣ ಗುಂಡು. ಕೊಳದ ತಳದಲ್ಲಿ ಗಿಡದ ಹಾಗೆ ನಿಂತು ಬೆಳೆಯುವ ಒಂದು ಜಾತಿಯ ಪಾಚಿ ಇದೆಯಂತೆ. ಅದರ ಬೀಜದ ಸುತ್ತ ಸುಣ್ಣ ಕಟ್ಟುತ್ತದೆ. ಪಾಚಿ ಕೊಳೆತು ಹೋದರೂ ಸುಣ್ಣದ ಗುಂಡು ಉಳಿಯುತ್ತದೆ. ಅದರ ಮೇಲೆ ಎಡಕ್ಕೆ ತಿರುಗಿದ ಗೆರೆಗಳು, ತಿರುಪಿನ ಮೊಳೆಗೆ ಇರುತ್ತವಲ್ಲ, ಹಾಗೆ. ಅದು ಸಿಕ್ಕಿತು ಅಂದರೆ ಅಲ್ಲಿ ಒಂದು ಕಾಲಕ್ಕೆ ಕೊಳ ಇತ್ತು ಅಂತ ಅರ್ಥ.

ಇದನ್ನೆಲ್ಲ ನಮ್ಮ ಲ್ಯಾಬಿನ ಮೇಡಂ ನನಗೆ ಮರಾಠಿಯಲ್ಲಿ ಚೆನ್ನಾಗಿ ವಿವರಿಸಿದರು. ನಾಗಪುರದ ಕಡೆಯ ಮಣ್ಣು ಹರಡಿದ ತಟ್ಟೆ ಕೊಟ್ಟರು. ಆ ಕಡೆ ಇಂಥ ಗುಂಡುಗಳು ಧಾರಾಳ, ಕೈ ಕೂಡಲಿ ಅಂತ. "ಗುಂಡಗಿರುವುದನ್ನೆಲ್ಲ ಬೇರೆ ಮಾಡು" ಅಂದು ಮೀಟಿಂಗಿಗೆ ಹೋದರು.

ನಾನು ಹುಟ್ಟಿದಾಗಿನಿಂದ ಅಕ್ಕಿ ಆರಿಸಿದವಳು, ಬೇಳೆ ಆರಿಸಿದವಳು. ಕೈಗೆ ಗೊತ್ತಿರುವುದು ಒಂದೇ ನಡೆ: ತಟ್ಟೆಯಲ್ಲಿ ಬೇರೆ ಥರ ಕಂಡದ್ದನ್ನು ಎತ್ತಿ ಒಗೆಯುವುದು. ಮೇಡಂ ಬರುವ ಹೊತ್ತಿಗೆ ತಟ್ಟೆ ಸೋಸಿದ ಸೋನಾಮಸೂರಿಯ ಹಾಗೆ ಶುಭ್ರವಾಗಿತ್ತು.

"ಎಲ್ಲಿ?" ಅಂದರು.

"ಎಲ್ಲ ತೆಗೆದೆ ಮೇಡಂ. ಒಂದೂ ಉಳಿದಿಲ್ಲ."

"ಸರಿ, ತೆಗೆದದ್ದು ಎಲ್ಲಿ?"

ನಾನು ಕಸದ ಬುಟ್ಟಿ ತೋರಿಸಿದೆ.

ಮೇಡಂ ಬಯ್ಯಲಿಲ್ಲ. ಬುಟ್ಟಿಯನ್ನು ಎತ್ತಿ ನನ್ನ ಮುಂದಿಟ್ಟು, ಬ್ರಷ್ಷು ಕೈಗೆ ಕೊಟ್ಟು, "ಈಗ ಇದನ್ನು ಆರಿಸು" ಅಂದರು. ಪೆನ್ಸಿಲ್ ಹೆರೆದ ಸಿಪ್ಪೆ, ಚಹದ ಪುಡಿ, ಯಾರದೋ ಕೂದಲಿನ ನಡುವೆ ಆ ಗುಂಡುಗಳನ್ನು ಒಂದೊಂದಾಗಿ ಎತ್ತಿದೆ. ಕತ್ತು ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು, ಆದರೆ ಎದ್ದು ಹೋಗಲಿಲ್ಲ. ಅವತ್ತು ಸಂಜೆಯೇ ಮೇಡಂ ಆ ಕುರ್ಚಿ ನನಗೆ ಅಂದದ್ದು. "ತಟ್ಟೆಯಲ್ಲಿ ಹುಡುಕುವವರು ಬೇಕಾದಷ್ಟು ಜನ ಸಿಗುತ್ತಾರೆ" ಅಂದರು. "ಬುಟ್ಟಿಯಲ್ಲಿ ಹುಡುಕಿದವಳು ನೀನೊಬ್ಬಳೇ."

ನೀಲಿ ಬೆರಳು, ಮಣ್ಣಿನ ತಾಯಿ

ಒಂದು ಚೀಲದ ಮಣ್ಣು ತೊಳೆದಾದ ಮೇಲೆ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದಬೇಕು. ಜರಡಿಯ ಕಣ್ಣಿನಲ್ಲಿ ಹಳೆಯ ಕಾಳೇನಾದರೂ ಸಿಕ್ಕಿಕೊಂಡಿದ್ದರೆ ಅದಕ್ಕೆ ನೀಲಿ ಹತ್ತುತ್ತದೆ. ಮುಂದಿನ ಚೀಲದಲ್ಲಿ ನೀಲಿ ಕಾಳು ಕಂಡರೆ, ಇದು ಪರರ ಮನೆಯದು ಅಂತ ಬಿಟ್ಟುಬಿಡಬಹುದು. ಒಳ್ಳೆಯ ಉಪಾಯ. ಆದರೆ ಕಾಳಿಗಿಂತ ಮೊದಲು ಬಣ್ಣ ಹತ್ತುವುದು ನನ್ನ ಬೆರಳಿಗೆ. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವು ಕಾಕು ಅನ್ನುವವಳು, ಪ್ರತಿಸಲ ನೋಡಿ ಕೇಳುತ್ತಾಳೆ: "ಮತ್ತೆ ಮತದಾನ ಯಾವಾಗ ಆಯಿತು? ನಮಗೆ ಹೇಳಲೇ ಇಲ್ಲ!"

ಅದು ಹೋಗಲಿ. ಗಣಪತಿ ಹಬ್ಬ ಹತ್ತಿರ ಬಂದಾಗ ಮಗಳ ಬಾಲವಾಡಿಯಿಂದ ಕರೆ ಬಂತು. ಬಾಯಿ, ಅಂದರೆ ಅಲ್ಲಿಯ ಟೀಚರು, ಗಂಭೀರವಾಗಿ ಕೂತಿದ್ದರು. ಎಲ್ಲ ಮಕ್ಕಳಿಗೂ ತಾಯಿ ಏನು ಕೆಲಸ ಮಾಡುತ್ತಾಳೆ ಅಂತ ಕೇಳಿದ್ದರಂತೆ.

"ನಿಮ್ಮ ಮಗಳು ಹೇಳಿದಳು, 'ನಮ್ಮವ್ವ ದಿನಾ ಮಣ್ಣಿನಲ್ಲಿ ಆಡುತ್ತಾಳೆ. ಏನೂ ಸಿಗದಿದ್ದರೆ ಅಲ್ಲಿಯ ದೊಡ್ಡ ಸರ್ ಮುಖ ಸಪ್ಪಗೆ ಮಾಡುತ್ತಾರೆ. ಮನೆಗೆ ಬಂದರೆ ಅಜ್ಜಿ ಬಯ್ಯುತ್ತಾಳೆ' ಅಂತ. ಮನೆಯಲ್ಲಿ ಎಲ್ಲ ಸರಿಯಾಗಿದೆಯಾ?"

ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಹಾಗಾಗಿ ನಾನು ಮೊದಲಿನಿಂದ ಶುರು ಮಾಡಿದೆ. ಕಲ್ಲಾದ ಪಾಚಿ, ಹಳೆಯ ಕೊಳ, ಸುಣ್ಣದ ಗುಂಡು, ಜರಡಿ. ಬಾಯಿ ಎಲ್ಲವನ್ನೂ ಗಮನವಿಟ್ಟು ಕೇಳಿದರು. ನಡುನಡುವೆ ತಲೆಯನ್ನೂ ಆಡಿಸಿದರು. ಅಬ್ಬಾ, ಒಬ್ಬರಿಗಾದರೂ ತಿಳಿಯಿತಲ್ಲ ಅಂತ ನನಗೆ ಹೆಮ್ಮೆಯಾಯಿತು.

ಮುಗಿದ ಮೇಲೆ ಬಾಯಿ ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು: "ಅಂದರೆ ನಿಮ್ಮಲ್ಲಿ ತೊಳೆದ ಮಣ್ಣು ಇರುತ್ತದೆ. ಮಕ್ಕಳ ಕೈಲಿ ಗಣಪತಿ ಮಾಡಿಸಬೇಕಿತ್ತು. ಎರಡು ಚೀಲ ತಂದುಕೊಡುತ್ತೀರಾ?"

ಕೆರೆ ಇದ್ದ ಜಾಗ

ನವರಾತ್ರಿ ಮುಗಿದು ಮಳೆ ಹಿಂದಾದ ಮೇಲೆ ನಮ್ಮನ್ನು ಭೋರ್ ಅನ್ನುವ ಊರು ದಾಟಿ ಗುಡ್ಡದ ಕಡೆಗೆ ಕರೆದುಕೊಂಡು ಹೋದರು. ನಮ್ಮ ದೊಡ್ಡ ಸರ್ ಇಡೀ ಜೀವವನ್ನೇ ಆ ಗುಡ್ಡದ ಮೇಲೆ ಇಟ್ಟಿದ್ದಾರೆ. ಆರೂವರೆ ಕೋಟಿ ವರ್ಷದ ಹಿಂದೆ ಇಲ್ಲಿ ಲಾವಾ ಹರಿಯಿತು, ನಿಂತಿತು, ಮತ್ತೆ ಹರಿಯಿತು. ಆ ನಡುವಿನ ಬಿಡುವಿನಲ್ಲಿ ಅಲ್ಲಲ್ಲಿ ಕೊಳ ಆಗಿತ್ತು ಅನ್ನುತ್ತಾರೆ ಸರ್. ಎರಡು ಕರಿ ಬಂಡೆಗಳ ನಡುವೆ, ಚಪಾತಿಯ ಪದರಿನಲ್ಲಿ ಸಿಕ್ಕಿಕೊಂಡ ಎಣ್ಣೆಯ ಹಾಗೆ, ಒಂದು ತೆಳು ಬೂದು ಮಣ್ಣು ಇದೆ. ಅದೇ ಕೊಳದ ತಳ ಅಂತ ಸರ್. ಅಲ್ಲ, ಬರೀ ಸುಟ್ಟ ಮಣ್ಣು ಅಂತ ಬೇರೆಯವರು. ಪಾಚಿಯ ಗುಂಡು ಸಿಕ್ಕರೆ ಸರ್ ಗೆದ್ದರು, ಕೆಲಸ ಮುಂದುವರಿಯಿತು, ನನ್ನ ಕುರ್ಚಿ ಉಳಿಯಿತು. ಸಿಗದಿದ್ದರೆ ಸರ್ ನಿವೃತ್ತಿ, ನಾನು ಮೆಸ್ಸು. ಮೇಡಂ ಇದನ್ನು ಮುಚ್ಚುಮರೆಯಿಲ್ಲದೆ ನನಗೆ ಹೇಳಿದ್ದರು. ಹಾಗಾಗಿ ಆ ಮಣ್ಣನ್ನು ನಾನು ಚೀಲಕ್ಕೆ ತುಂಬಿದ್ದು ಸ್ವಂತ ಹೊಲದ ಜೋಳ ತುಂಬಿದ ಹಾಗೆ.

ಅಷ್ಟರಲ್ಲಿ ಒಂದು ಕಾರು ಬಂತು. ಪ್ಲಾಟಿನ ಏಜೆಂಟನೊಬ್ಬ ಗಂಡಹೆಂಡತಿಯನ್ನು ಜಾಗ ತೋರಿಸಲು ಕರೆತಂದಿದ್ದ. ನಮ್ಮ ಟೇಪು, ಸುತ್ತಿಗೆ ನೋಡಿ ಅವನಿಗೆ ಅನುಮಾನ ಬಂತು.

"ಏನು ಅಳೆಯುತ್ತಿದ್ದೀರಿ ಸಾಹೇಬರೇ?"

ನಮ್ಮ ಸರ್‌ಗೆ ಬಾಯಿಗೆ ಬಂದ ನಿಜವನ್ನು ನುಂಗಿ ಗೊತ್ತಿಲ್ಲ. "ಇಲ್ಲೊಂದು ಕೆರೆ ಇತ್ತು" ಅಂದುಬಿಟ್ಟರು.

ಏಜೆಂಟನ ಮುಖ ಬಿಳಿಚಿತು. "ಯಾವ ಕೆರೆ? ದಾಖಲೆಯಲ್ಲಿ ಎಲ್ಲೂ ಇಲ್ಲ!"

"ದಾಖಲೆಯಲ್ಲಿ ಹೇಗಿರುತ್ತದೆ? ಆಗ ಮನುಷ್ಯರೇ ಇರಲಿಲ್ಲ."

ಹೆಂಡತಿ ಮುಂದೆ ಬಂದಳು. "ಅಂದರೆ ಇಲ್ಲಿ ನೀರು ನಿಲ್ಲುತ್ತದಾ?"

"ನಿಂತಿತ್ತು. ಆಮೇಲೆ ಅದರ ಮೇಲೆ ಲಾವಾ ಬಂತು."

"ಲಾವಾ?" ಗಂಡ ಕಾಲು ಎತ್ತಿ ಬೇರೆ ಕಡೆ ಇಟ್ಟ.

ಏಜೆಂಟ ಕೊನೆಯ ಆಸರೆಯಾಗಿ, ಅತ್ತಿಗೆ ಅಂತ ವರಸೆ ಹಚ್ಚಿ, ನನ್ನ ಕಡೆ ತಿರುಗಿದ. "ವಹಿನಿ, ನೀವಾದರೂ ಇವರಿಗೆ ಸ್ವಲ್ಪ ತಿಳಿಸಿ ಹೇಳಿ."

ನಾನು ತಿಳಿಸಿ ಹೇಳಿದೆ: "ಹೆದರಬೇಡಿ. ಈಗ ತಣ್ಣಗಾಗಿದೆ. ಬೆಳಗಿನಿಂದ ನಾನು ಅದರ ಮೇಲೇ ಕೂತಿದ್ದೇನೆ."

ಕಾರು ಹಿಂದಕ್ಕೆ ಹೋಯಿತು. ಏಜೆಂಟ ನಮ್ಮನ್ನು ನೋಡಿದ ರೀತಿ ನೋಡಿದರೆ ಮುಂದಿನ ಸಲ ಕಲ್ಲು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಮತ್ತೊಂದಿಷ್ಟು ಮಣ್ಣಿಗೆ ಹೋದಾಗ ಅವನೇ ಕೈಮುಗಿದು ಚಹ ತರಿಸಿದ. ರಸ್ತೆಯ ಪಕ್ಕದ ಬೋರ್ಡು ಹೊಸದಾಗಿತ್ತು. "ಲೇಕ್ ವ್ಯೂ ಪ್ಲಾಟ್ಸ್."

ಏಕಾದಶಿಯ ಮಾಣಿಕ್ಯ

ಭೋರಿನ ಚೀಲಗಳು ಒಂದಾದ ಮೇಲೊಂದು ಖಾಲಿಯಾದವು. ತಟ್ಟೆಯಲ್ಲಿ ಮರಳು, ಕಬ್ಬಿಣದ ತುಣುಕು, ಮತ್ತೆ ಮರಳು. ಗುಂಡು ಇಲ್ಲ. ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೇಳುತ್ತಿದ್ದರು: "ಸಿಕ್ತೇನು?"

"ಇಲ್ಲರಿ."

"ನಮ್ಮ ಬಚ್ಚಲಕ್ಕ ಹೋಗಿ ನೋಡು, ಅಲ್ಲಿ ಸಿಗ್ತದ."

ಸರ್ ಇನ್ನೂ ಚಡಪಡಿಸುತ್ತಿದ್ದರು. ಗಳಿಗೆಗೊಮ್ಮೆ ನನ್ನ ಹಿಂದೆ ಬಂದು ತಟ್ಟೆಯ ಮೇಲೆ ಬಗ್ಗಿ, "ಏನಾದರೂ?" ಅನ್ನುವುದು, ಹೋಗುವುದು. ಲ್ಯಾಬಿನಲ್ಲಿ ಏನೂ ತಿನ್ನಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿದವರೂ ಅವರೇ.

ಕಾರ್ತಿಕ ಏಕಾದಶಿಯ ದಿನ ಮಧ್ಯಾಹ್ನ ನನಗೆ ಕಂಡಿತು. ಗುಂಡಗೆ, ಬಂಗಾರದ ಬಣ್ಣ, ಅಂಚಿಗೆ ಒಂದು ಸುತ್ತು ಗೆರೆ. ನಾನು ಕೂಗಿದ ಕೂಗಿಗೆ ಮೇಡಂ ಬಂದರು, ಸರ್ ಬಂದರು, ಪಕ್ಕದ ಕೋಣೆಯವರು ಬಂದರು. ಸರ್ ಎಲ್ಲರನ್ನೂ ಸರಿಸಿ ತಟ್ಟೆಯ ಮೇಲೆ ಬಗ್ಗಿದರು. "ನಾನು ಹೇಳಿರಲಿಲ್ಲವಾ? ಹೇಳಿರಲಿಲ್ಲವಾ?" ಅಂತ ಎಲ್ಲರ ಮುಖ ನೋಡಿದರು.

ಮೇಡಂ ಮಾತ್ರ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಬ್ರಷ್ಷಿನಿಂದ ಮುಟ್ಟಿದರು. ಉರುಳಿಸಿದರು. ಮೂಸಿದರು.

"ಇವತ್ತು ಇಲ್ಲಿ ಯಾರ ಉಪವಾಸ?"

ನಮ್ಮ ಮನೆಯಲ್ಲಿ ಉಪವಾಸ ಅತ್ತೆಯದು. ನಾನು ಎರಡು ಹೊತ್ತೂ ಗಡದ್ದಾಗಿ ಉಣ್ಣುವವಳು. ಮೇಡಂ ಟಿಫಿನ್ನಿನ ಈರುಳ್ಳಿಯ ವಾಸನೆ ಆಗಲೇ ಎಲ್ಲರಿಗೂ ಬಂದಿತ್ತು. ಎಲ್ಲರೂ ನಿಧಾನವಾಗಿ ಸರ್ ಕಡೆ ತಿರುಗಿದೆವು. ಅವರ ದಪ್ಪ ಬಿಳಿ ಮೀಸೆಯಲ್ಲಿ ಉಪವಾಸದ ರಾಜಗಿರಾ ಲಾಡುವಿನ, ಅಂದರೆ ದಂಟಿನ ಬೀಜದ ಉಂಡೆಯ, ಇನ್ನೂ ಮೂರು ನಾಲ್ಕು ಕಾಳು ಹೊಳೆಯುತ್ತಿದ್ದವು.

ಸರ್ ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು. ಬಾಗಿಲ ತನಕ ಹೋಗಿ, ತಾವೇ ಅಂಟಿಸಿದ್ದ ಚೀಟಿಯನ್ನು ಒಂದು ಸಲ ಓದಿಕೊಂಡು, ನಮ್ಮ ಕಡೆ ತಿರುಗಿ ಅಂದರು: "ಏಕಾದಶಿಯೂ ಬಹಳ ಪುರಾತನವಾದದ್ದೇ."

ಕುಸುರೆಳ್ಳು

ಸಂಕ್ರಾಂತಿ ಹತ್ತಿರ ಬಂತು. ಕೊನೆಯ ಚೀಲ. ಮೇಡಂ, "ಅರ್ಧ ನೋಡಿ ಬಿಡು, ಇನ್ನೇನು ಸಿಗುವುದಿಲ್ಲ" ಅಂದರು. ಅವರ ದನಿಯೇ ಸೋತಿತ್ತು. ನಾನು ಅರ್ಧ ನೋಡಿದೆ. ಏನೂ ಇರಲಿಲ್ಲ. ಮನೆಯಲ್ಲಿ ನಮ್ಮವರು ಮೆಸ್ಸಿನವರಿಗೆ ದಿನ ಬೇರೆ ಹೇಳಿಬಿಟ್ಟಿದ್ದರು. ನನಗೆ ಸಿಟ್ಟು ಬಂತು. ಉಳಿದರ್ಧ ಏನು ಪರರ ಮನೆಯದಾ? ಅದನ್ನೂ ಹರಡಿದೆ.

ಮರಳು, ಮರಳು, ಕಬ್ಬಿಣ, ಮರಳು. ಆಮೇಲೆ ಒಂದು ಮೂಲೆಯಲ್ಲಿ ಬೆಳ್ಳಗೆ, ಗುಂಡಗೆ ಒಂದು ಕಾಳು. ಗೆರೆಗಳೆಲ್ಲ ಎಡಕ್ಕೆ.

ಈ ಸಲ ಕೂಗಲಿಲ್ಲ. ಮೊದಲು ಸರ್ ಎಲ್ಲಿದ್ದಾರೆ ನೋಡಿದೆ. ರಜೆಯಲ್ಲಿದ್ದರು. ಒಳ್ಳೆಯದಾಯಿತು. ಆಮೇಲೆ ಮೇಡಂನ ಕರೆದೆ.

"ಜರಡಿಗೆ ನೀಲಿ ಹಾಕಿದ್ದೆಯಾ?"

ಬೆರಳು ತೋರಿಸಿದೆ. ಕಾಳು ಮಾತ್ರ ಹಾಲಿನ ಹಾಗೆ ಬೆಳ್ಳಗಿತ್ತು. ಅಂದರೆ ಪರರ ಮನೆಯದಲ್ಲ, ಭೋರಿನದೇ. ಮೇಡಂ ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಸಂಜೆಯೊಳಗೆ ಇನ್ನೂ ಕೆಲವು ಸಿಕ್ಕವು. ಫೋನಿನಲ್ಲಿ ಸುದ್ದಿ ಕೇಳಿ ಸರ್ ಮೊದಲು ಕೇಳಿದ್ದು, "ಇವತ್ತು ತಿಥಿ ಯಾವುದು?" ಎರಡನೆಯದಾಗಿ ಹೇಳಿದ್ದು, ಆ ಗುಡ್ಡದ ಉದ್ದಕ್ಕೂ ಮಣ್ಣು ತರಬೇಕು, ನಾನು ಕುರ್ಚಿ ಬಿಟ್ಟು ಎಲ್ಲೂ ಹೋಗಕೂಡದು ಅಂತ.

ಮನೆಗೆ ಬಂದಾಗ ಅತ್ತೆ ಸಣ್ಣ ಉರಿಯ ಮುಂದೆ ಕೂತು ಕುಸುರೆಳ್ಳು ಮಾಡುತ್ತಿದ್ದರು. ಬೆಚ್ಚಗಿನ ತಟ್ಟೆಯಲ್ಲಿ ಎಳ್ಳು, ಅದರ ಮೇಲೆ ಚೂರು ಚೂರೇ ಸಕ್ಕರೆ ಪಾಕ, ಬೆರಳಿನಿಂದ ಆಡಿಸುತ್ತಾ ಇರುವುದು. ಮೈತುಂಬ ಸಕ್ಕರೆ ಕಟ್ಟುವ ತನಕ ದಿನಗಟ್ಟಲೆ ಅದೇ ಕೆಲಸ. ಅವಸರ ಮಾಡಿದರೆ ಎಲ್ಲ ಮುದ್ದೆ.

"ಸಿಕ್ತರಿ ಅತ್ಯಾ."

ಅತ್ತೆಯ ಬೆರಳು ನಿಂತಿತು. "ನಿಜ?"

ಫೋನಿನಲ್ಲಿ ಫೋಟೋ ತೋರಿಸಿದೆ. ಕಣ್ಣು ಸಣ್ಣ ಮಾಡಿ ನೋಡಿದರು. "ಇದೇನ ಹೊಸಾದು? ಕುಸುರೆಳ್ಳು ಅಲ್ಲೇನು ಇದು?"

"ಹಂಗ ಅನ್ರಿ. ಒಳಗ ಎಳ್ಳಿನ ಬದಲಿ ಬೀಜ, ಮ್ಯಾಲ ಸಕ್ಕರಿ ಬದಲಿ ಸುಣ್ಣ."

"ಕಟ್ಟಿಸಿದವರು ಯಾರು?"

"ಅದ ಕಟ್ಟಿಕೊಂಡದರಿ, ನೀರಾಗ ಕೂತು."

"ಎಂಥಾ ನೀರಾಗ?"

"ಸ್ವಚ್ಛ ನೀರಾಗ. ಅಲುಗಾಡಬಾರದು, ತಳಾ ಕಾಣೂಹಂಗ ತಿಳಿ ಇರಬೇಕು, ಬಿಸಿಲು ಕೆಳಗಿನತನಕ ಇಳೀಬೇಕು. ಹೊಲಸು ನೀರಾಗ ಈ ಪಾಚಿ ಬೆಳೆಯಂಗಿಲ್ಲಂತ."

ಅತ್ತೆ ಫೋಟೋವನ್ನು ಇನ್ನೊಮ್ಮೆ ಕಣ್ಣ ಹತ್ತಿರ ತಂದರು. ಜೀವಮಾನದ ವೈರಿಯ ಬಗ್ಗೆ ಹೊಸ ಸುದ್ದಿ ಬಂದಿತ್ತು.

"ಅಂದ್ರ ಇದು ಒಳ್ಳೆ ಮನಿತನದ ಪಾಚಿ" ಅಂದರು.

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. "ಮೆಸ್ಸಿನವರು ಫೋನ್ ಮಾಡಿದ್ರು. ಸಂಕ್ರಾಂತಿ ಮುಗಿದ ಕೂಡ್ಲೇ..."

"ಚಪಾತಿ ಏನು, ಯಾರರೆ ಲಟ್ಟಸ್ತಾರ" ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಷ್ಟು ಅವಸರಿದ್ರ ನೀನ ಹೋಗು."

ಸಂಕ್ರಾಂತಿ ಆಯಿತು. ಅತ್ತೆ ಇಡೀ ಸೊಸೈಟಿಗೆ ಕುಸುರೆಳ್ಳು ಹಂಚುತ್ತಾ, ನಮ್ಮ ಸೊಸೆ ಹುಡುಕಿದ್ದು ಥೇಟ್ ಹಿಂಗೇ ಇದೆ ಅಂತ ಮರಾಠಿಯಲ್ಲಿ ಹೇಳಿಕೊಂಡು ಬಂದರು. ಕೆಳಗಿನ ಕಾಕು ಪಾಪ, ಬಾಯಿಗೆ ಹಾಕಿಕೊಂಡದ್ದನ್ನು ನುಂಗಲೋ ಬೇಡವೋ ಅಂತ ಕೇಳಲು ಮೇಲೆ ಬಂದಿದ್ದಳು.

ಅದಾದ ಮೇಲಿನ ಭಾನುವಾರ ಬಚ್ಚಲಿನಿಂದ ಎಂದಿನ ಹಾಗೆ ಬ್ರಷ್ಷಿನ ಸದ್ದು ಬರುತ್ತಿತ್ತು. ಗರಗರ ಅನ್ನುತ್ತಿದ್ದದ್ದು ನಡುವೆಯೇ ನಿಂತಿತು. ಅತ್ತೆ ಜಾರಿ ಬಿದ್ದರೇನೋ ಅಂತ ನಾನು ಓಡಿದೆ. ಬಿದ್ದಿರಲಿಲ್ಲ. ನೆಲ, ಗೋಡೆ ಎಲ್ಲ ಫಳಫಳ ಹೊಳೆಯುತ್ತಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನೀರಿನ ಕೊಡದ ಹಿಂದೆ, ಕಿಟಕಿಯ ಬಿಸಿಲು ಬೀಳುವ ಮೂಲೆಯಲ್ಲಿ, ಅಂಗೈಯಷ್ಟು ಹಸಿರು ಹಾಗೇ ಇತ್ತು.

"ಅತ್ಯಾ, ಅಲ್ಲೆ ಉಳಿದದರಿ."

"ಗೊತ್ತದ."

"ಕೈ ನಿಲುಕಲಿಲ್ಲೇನು? ಕೊಡ್ರಿ, ನಾ ತಿಕ್ತೀನಿ."

ಅತ್ತೆ ಬ್ರಷ್ಷು ಕೊಡಲಿಲ್ಲ. ನೀರು ಝಾಡಿಸಿ ಅದನ್ನು ಮೊಳೆಗೆ ತೂಗುಹಾಕಿದರು.

"ಇರಲಿ ಬಿಡು" ಅಂದರು. "ಇನ್ನೊಂದು ಆರೂವರೆ ಕೋಟಿ ವರ್ಷಕ್ಕ ಯಾರದರೆ ಸೊಸಿಗೆ ನೌಕರಿ ಬೇಕಾಗ್ತದ."